ಬೆಳವದ ಕಂಬಕ್ಕೇರಿದ ಬಾಣಲೆ

ನನ್ನ ಗಂಡ ತೇಜೋ ನಮ್ಮೂರಿಗೆ ಬಂದು ನಾಲ್ಕು ವರ್ಷವಾಗಿತ್ತು. ಆದರೂ ಉತ್ತರ ಯಾವ ಕಡೆಗೆ ಎನ್ನುವುದು ಅವನ ತಲೆಗೆ ಹತ್ತಿರಲಿಲ್ಲ. ಅವನು ಹುಟ್ಟಿ ಬೆಳೆದದ್ದು ಮೆರಾಪಿ ಎಂಬ ಜ್ವಾಲಾಮುಖಿ ಬೆಟ್ಟದ ದಕ್ಷಿಣದ ತಪ್ಪಲಿನಲ್ಲಿ. ಅಲ್ಲಿಯವರಿಗೆ ಬೆಟ್ಟವೇ ಉತ್ತರ. ಕಣ್ಣು ಬಿಟ್ಟರೆ ಬೆಟ್ಟ ಕಾಣುತ್ತದೆ, ಉಳಿದ ಮೂರು ದಿಕ್ಕನ್ನು ಅದರಿಂದಲೇ ಎಣಿಸಿಕೊಳ್ಳುತ್ತಾರೆ. ನಮ್ಮ ಕರಂಗ್‌ತಲುನ್ ಇರುವುದು ಅದೇ ಬೆಟ್ಟದ ಪಶ್ಚಿಮಕ್ಕೆ. ನಮಗೆ ಬೆಟ್ಟವೆಂದರೆ ಪೂರ್ವ, ಸೂರ್ಯ ಹುಟ್ಟುವುದೇ ಅದರ ಹೆಗಲ ಮೇಲೆ. ಇದನ್ನು ನಾನು ಅವನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೂಂ ಎನ್ನುತ್ತಾನೆ, ಮಾರನೆಯ ದಿನ ಮತ್ತೆ ಬೆಟ್ಟ ನೋಡಿ ಉತ್ತರ ಎನ್ನುತ್ತಾನೆ.

ಬೇರೆ ಕಡೆಯಾಗಿದ್ದರೆ ಇದು ದೊಡ್ಡ ವಿಷಯವಲ್ಲ. ಆದರೆ ಜಾವಾದವರ ಬಾಯಲ್ಲಿ ಎಡ ಬಲ ಎಂಬ ಮಾತು ಬರುವುದೇ ಅಪರೂಪ. ಸಕ್ಕರೆ ಡಬ್ಬಿ ಸ್ವಲ್ಪ ಪಶ್ಚಿಮಕ್ಕೆ ತಳ್ಳು ಎನ್ನುತ್ತೇವೆ, ಬೆನ್ನು ತುರಿಸುವವರಿಗೂ ಇನ್ನೊಂದು ಚೂರು ದಕ್ಷಿಣಕ್ಕೆ ಎನ್ನುತ್ತೇವೆ. ನಮ್ಮ ಮದುವೆಯ ದಿನ ತೇಜೋ ತನ್ನ ದೊಡ್ಡಪ್ಪನಿಗೆ ಬಚ್ಚಲುಮನೆ ದಕ್ಷಿಣಕ್ಕಿದೆ ಎಂದು ದಾರಿ ತೋರಿಸಿದ್ದ. ಸೆಮಾರಂಗ್‌ನಿಂದ ಬಂದಿದ್ದ ಆ ಮನುಷ್ಯ ನಿಜವಾದ ದಕ್ಷಿಣಕ್ಕೆ ಹೋಗಿ, ಜರಿ ಪಂಚೆ ಸಮೇತ ನಮ್ಮ ಆಡಿನ ಕೊಟ್ಟಿಗೆಗೆ ಹೊಕ್ಕುಬಿಟ್ಟಿದ್ದರು.

ನನ್ನ ಅಪ್ಪ ಇದನ್ನೆಲ್ಲ ನೋಡಿಯೂ ಅಳಿಯನಿಗೆ ಒಂದು ಮಾತು ಹೇಳಿದವರಲ್ಲ. ಮಾವ ಅಳಿಯ ಇಬ್ಬರೂ ಒಬ್ಬರಿಗೊಬ್ಬರು ಅರಮನೆಯ ಭಾಷೆಯಲ್ಲೇ, ಅಂದರೆ ಅತಿ ಮರ್ಯಾದೆಯ ಜಾವಾ ಮಾತಿನಲ್ಲೇ, ಮಾತಾಡುವವರು. ನಾಲ್ಕು ವರ್ಷದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಒಮ್ಮೆ ತೇಜೋ ಕಾಫಿಗೆ ಸಕ್ಕರೆ ಎಂದುಕೊಂಡು ಉಪ್ಪು ಹಾಕಿ ಕೊಟ್ಟಾಗ ಅಪ್ಪ ಕೊನೆಯ ಗುಟುಕಿನವರೆಗೂ ಕುಡಿದು, ಚೆನ್ನಾಗಿತ್ತು ಎಂದು ಲೋಟ ಕೆಳಗಿಟ್ಟಿದ್ದರು. ಈ ಮರ್ಯಾದೆ ಒಂದು ದಿನ ನನ್ನ ಕುತ್ತಿಗೆಗೇ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನನ್ನ ಹೆಸರು ವಿಗಾತಿ. ಊರ ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಗೌರವ ಶಿಕ್ಷಕಿ. ಗೌರವ ಎಂಬ ಮಾತಿಗೆ ಮರುಳಾಗಬೇಡಿ. ಪಾಠ ಎಲ್ಲರಷ್ಟೇ ಮಾಡಬೇಕು, ಸರ್ಕಾರದ ಪಟ್ಟಿಯಲ್ಲಿ ಮಾತ್ರ ಹೆಸರಿರುವುದಿಲ್ಲ. ಪಟ್ಟಿಗೆ ಸೇರಲು ಪದವಿ ಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ನಾನು ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಓದುತ್ತ ಆರು ವರ್ಷ ತೆಗೆದುಕೊಂಡೆ. ಕೊನೆಗೆ ಉಳಿದದ್ದು ಒಂದೇ ಪತ್ರಿಕೆ, ಗಣಿತ ಬೋಧನೆ. ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಮಾರ್ಚ್ ತಿಂಗಳ ಎರಡನೇ ಭಾನುವಾರ ಹತ್ತು ಗಂಟೆಗೆ ತೆರೆದು ಹನ್ನೆರಡಕ್ಕೆ ಮುಚ್ಚುತ್ತದೆ. ತಪ್ಪಿದರೆ ಮುಂದಿನ ವರ್ಷ. ಆಗಸ್ಟ್‌ನಲ್ಲಿ ನನಗೆ ಮೂವತ್ತೈದು ತುಂಬುತ್ತಿತ್ತು, ಮುಂದಿನ ವರ್ಷ ಎಂಬುದು ನನ್ನ ಪಾಲಿಗೆ ಇರಲೇ ಇಲ್ಲ.

ಅಂತರ್ಜಾಲದ ಅಂಗಡಿ ಇದ್ದದ್ದು ಹೊಳೆಯಾಚೆ. ಹಿಂದಿನ ವರ್ಷ ಬೆಟ್ಟ ಉಗುಳಿದ ಬೂದಿ, ಮರಳು, ಬಂಡೆ ಎಲ್ಲ ಮೇಲೆ ಕೂತಿತ್ತಲ್ಲ, ಜನವರಿಯ ಮಳೆಗೆ ಅದು ಇಳಿದು ಬಂದು ಸೇತುವೆಯನ್ನು ಕಿತ್ತುಕೊಂಡು ಹೋಯಿತು. ಊರವರೆಲ್ಲ ಸೇರಿ ಬಿದಿರಿನ ಸಂಕ ಕಟ್ಟಿಕೊಂಡೆವು. ಪರೀಕ್ಷೆಗೆ ಮೂರು ದಿನವಿದ್ದಾಗ, ಗುರುವಾರ, ಅದೂ ಹೋಯಿತು. ಸುತ್ತು ಬಳಸುವ ರಸ್ತೆಯನ್ನೂ ಪೊಲೀಸರು ಮುಚ್ಚಿದರು. ಮೊಬೈಲ್‌ನಲ್ಲಿ ಮಾತು ಕೇಳಿಸುತ್ತಿತ್ತೇ ಹೊರತು ಒಂದು ಪುಟ ತೆರೆಯಲು ಅರ್ಧ ದಿನ ಬೇಕಿತ್ತು. ನಾನು ದಡದಲ್ಲಿ ನಿಂತು ಆ ಕೆಸರುನೀರನ್ನು ನೋಡಿ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ತೇಜೋ ಹೇಳಿದ: "ಸಂಕ ಹೋದ್ರೆ ಹೋಗ್ಲಿ ಬಿಡು ಗಾತಿ. ಗಾಳಿ ಮೇಲೆ ದಾಟೋಣ."

ಅವನು ರೇಡಿಯೋ, ಟೀವಿ ರಿಪೇರಿ ಮಾಡುವವನು. ಹೊಳೆಯಾಚೆ ಒಂದು ತಾಂತ್ರಿಕ ಶಾಲೆಯಿದೆ. ಅಲ್ಲಿಯ ಮೇಷ್ಟ್ರು ಪಾಕ್ ಅನುಂಗ್ ಅವನ ಗೆಳೆಯ. ನಮ್ಮಲ್ಲಿ ಮರ್ಯಾದೆಗೆ ಗಂಡಸರ ಹೆಸರಿನ ಮುಂದೆ ಪಾಕ್, ಹೆಂಗಸರ ಹೆಸರಿನ ಮುಂದೆ ಬು ಸೇರಿಸುತ್ತೇವೆ. ಶಾಲೆಯ ಛಾವಣಿ ಮೇಲೊಂದು ಗೋಪುರ ನಿಲ್ಲಿಸಿ ಸುತ್ತಲಿನ ಮನೆಗಳಿಗೆ ಅಂತರ್ಜಾಲ ಹಂಚುತ್ತಿದ್ದರು. ಹಕ್ಕಿ ಹಾರಿದ ಲೆಕ್ಕದಲ್ಲಿ ನಮ್ಮ ಮನೆಗೆ ಎರಡು ಕಿಲೋಮೀಟರ್. ಹಿಡಿಯಲು ಒಂದು ತಟ್ಟೆ ಆಂಟೆನಾ ಇದ್ದರೆ ಸಾಕು.

"ಆಂಟೆನಾ ಎಲ್ಲಿಂದ ತರ್ತೀರ? ಅದು ಮಾರೋ ಅಂಗಡೀನೂ ಆಚೇನೇ ಇದೆ," ಎಂದೆ.

"ಅಡುಗೆಮನೇಲಿ ಇದೆಯಲ್ಲ," ಎಂದು ನಕ್ಕ.

ನಮ್ಮ ಕಡೆ ಇದು ಹೊಸ ವಿದ್ಯೆಯಲ್ಲ. ಅಲ್ಯೂಮಿನಿಯಂ ಬಾಣಲೆಯ ನಡುವೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಅದರೊಳಗೆ ಸಂಕೇತ ಹಿಡಿಯುವ ಪುಟ್ಟ ಪೆಟ್ಟಿಗೆ ಇಟ್ಟು ಎತ್ತರಕ್ಕೆ ಏರಿಸುತ್ತಾರೆ. ಬಾಣಲೆಯ ಹೊಟ್ಟೆಗೆ ಬಿದ್ದದ್ದೆಲ್ಲ ಕೊಳವೆಗೆ ಬಂದು ಸೇರುತ್ತದೆ. ಅಲ್ಲಿಂದ ಒಂದು ತಂತಿ ಕೆಳಗಿಳಿದು ಮನೆಯೊಳಗಿನ ರೂಟರಿಗೆ ಬರುತ್ತದೆ, ಆಮೇಲೆ ಮನೆಯ ಯಾವ ಮೂಲೆಯಲ್ಲಿ ಕೂತರೂ ತಂತಿಯ ಹಂಗಿಲ್ಲ. ಊರು ಊರುಗಳಲ್ಲಿ ಹುಡುಗರು ಇದನ್ನು ಮಾಡಿ ಕೂತಿದ್ದಾರೆ. ನನಗೆ ಭರವಸೆ ಬಂತು. ಶನಿವಾರ ಸಂಜೆ ಅಡುಗೆಮನೆಗೆ ಹೋಗಿ ನೋಡಿದಾಗ ಆ ಭರವಸೆ ಅರ್ಧ ಇಳಿದೂ ಹೋಯಿತು.

"ಮಾಸ್! ಇದ್ಯಾರ ಬಾಣಲೆ ಗೊತ್ತಾ ನಿಮಗೆ?" ಗಂಡನನ್ನು ನಾನು ಕರೆಯುವುದೇ ಮಾಸ್ ಎಂದು.

"ನಮ್ದಲ್ವಾ?"

"ನಮ್ದು ಕಬ್ಬಿಣದ್ದು, ಒಲೆ ಮೇಲಿದೆ. ಇದು ಪಕ್ಕದ್ಮನೆ ಬು ಕಸಿಯೆಮ್ ಅವರದ್ದು! ಹೋದ ವಾರ ಪ್ರಾರ್ಥನೆ ಊಟಕ್ಕೆ ತಂದಿದ್ದು, ವಾಪಸ್ ಕೊಡಬೇಕಿತ್ತು."

ತೇಜೋ ಕೈಯಲ್ಲಿದ್ದ ಡ್ರಿಲ್ಲನ್ನು ನೋಡಿದ. ಬಾಣಲೆಯ ನಟ್ಟನಡುವೆ ಆಗಲೇ ಗುಂಡಗಿನ ತೂತು ಬಿದ್ದಿತ್ತು. ತಿರುಗಿಸಿ ನೋಡಿದರೆ ತೂತಿನ ಪಕ್ಕದಲ್ಲೇ, ಬಾಣಲೆಯ ಬೆನ್ನ ಮೇಲೆ, ಮೊಳೆಯಲ್ಲಿ ಕೆತ್ತಿದ ಅಂಕುಡೊಂಕು ಅಕ್ಷರ: ಕಸಿಯೆಮ್. ಊಟದ ಮನೆಗಳಿಗೆ ಪಾತ್ರೆ ಕೊಡುವವರೆಲ್ಲ ಹೀಗೆ ಗುರುತು ಹಾಕುತ್ತಾರೆ, ಕೆಲವರು ಬಣ್ಣ ಬಳಿಯುತ್ತಾರೆ, ಕೆಲವರು ದಾರ ಕಟ್ಟುತ್ತಾರೆ. ಬು ಕಸಿಯೆಮ್ ಹೆಸರೇ ಕೆತ್ತಿದ್ದರು. ಐವತ್ತೆಂಟನೇ ವಯಸ್ಸಿನಲ್ಲಿ ನಮ್ಮ ಜಗಲಿಯಲ್ಲಿ ಕೂತು ನನ್ನ ಹತ್ತಿರ ಅಕ್ಷರ ಕಲಿತವರು ಅವರು. ಬರೆಯಲು ಬಂದ ಮೊದಲ ವಾರವೇ ಮನೆಯ ಚಮಚವನ್ನೂ ಬಿಡದೆ ಹೆಸರು ಕೊರೆದಿದ್ದರು.

"ಸೋಮವಾರ ಹೇಳೋಣ," ಎಂದ ತೇಜೋ, ಮೆಲ್ಲಗೆ.

ಎತ್ತರದ ಪ್ರಶ್ನೆ ಬಂತು. ನಮ್ಮ ಸುತ್ತ ಇರುವುದು ಸಲಾಕ್ ಹಣ್ಣಿನ ತೋಟ, ಅದೇನೂ ಎತ್ತರವಲ್ಲ. ಆದರೆ ಹೊಳೆಯಂಚಿಗೆ ಬಿದಿರು ದಟ್ಟವಾಗಿದೆ. ಅದನ್ನು ಮೀರಿಸುವಂಥದ್ದು ಅಂಗಳದಲ್ಲಿ ಒಂದೇ ಒಂದಿತ್ತು, ಅಪ್ಪನ ಬೆಳವದ ಕಂಬ. ಅಪ್ಪ ದಿನಾ ಬೆಳಿಗ್ಗೆ ಪಂಜರದ ಬೆಳವವನ್ನು ಹಗ್ಗದಲ್ಲಿ ಎಳೆದು ಆ ಕಂಬದ ತುದಿಗೇರಿಸುತ್ತಾರೆ, ಅದು ಬಿಸಿಲು ಕಾಯುತ್ತ ಕೂಗುತ್ತದೆ, ಅವರು ಕೆಳಗೆ ಕೂತು ಕೇಳುತ್ತಾರೆ. ಅಮ್ಮ ತೀರಿಕೊಂಡ ದಿನ ಬಿಟ್ಟರೆ ಈ ಎಂಟು ವರ್ಷದಲ್ಲಿ ಅದು ಏರದ ದಿನವಿಲ್ಲ. ಕೇಳಲು ನಮಗಿಬ್ಬರಿಗೂ ಬಾಯಿ ಬರಲಿಲ್ಲ. ತೇಜೋ ಕಂಬದ ಕಡೆ ನೋಡುವುದು, ಕಣ್ಣು ತಗ್ಗಿಸುವುದು ಮಾಡುತ್ತಿದ್ದ.

ಭಾನುವಾರ ಬೆಳಕು ಹರಿದಾಗ ಪಂಜರ ಹಲಸಿನ ಕೊಂಬೆಯಲ್ಲಿ ತೂಗುತ್ತಿತ್ತು. ಕಂಬ ಅಂಗಳದಲ್ಲಿ ಉದ್ದಕ್ಕೆ ಮಲಗಿತ್ತು. ಅಪ್ಪ ಅದರ ತುದಿಯ ರಾಟೆ ಬಿಚ್ಚುತ್ತಿದ್ದರು.

"ಬಾಪಕ್, ಬೆಳವ?" ಎಂದೆ.

"ಎಂಟು ವರ್ಷ ಮೇಲೇರಿ ಕೂತಿದೆ. ಒಂದಿನ ಕೆಳಗಿರ್ಲಿ," ಎಂದರು ಅಪ್ಪ. "ನೀನು ಒಂಬತ್ತು ವರ್ಷದಿಂದ ಕೆಳಗೇ ಇದ್ದೀಯಲ್ಲ ಮಗಳೇ."

ಅತ್ತರೆ ಅವರಿಗೆ ಮುಜುಗರವಾಗುತ್ತದೆಂದು ಚಹಾ ಮಾಡುವ ನೆಪದಲ್ಲಿ ಒಳಗೆ ಓಡಿದೆ.

ಒಂಬತ್ತಕ್ಕೆ ಬಾಣಲೆಯನ್ನು ತುದಿಗೆ ಕಟ್ಟಿ ಕಂಬ ಎತ್ತಿ ನಿಲ್ಲಿಸಿದೆವು. ಬುಡದಲ್ಲಿ ಹೂತಿದ್ದ ಕಬ್ಬಿಣದ ಕೊಳವೆಯೊಳಗೆ ಅದು ಕೂತಿತು. ತಿರುಗಿಸಲು ಅಪ್ಪ ಬುಡ ಹಿಡಿದರು. ತಂತಿ ಸಡಿಲವಾಗದಂತೆ ಹಿಡಿಯಲು ತೇಜೋ ಅಡುಗೆಮನೆಯ ಹೆಂಚಿನ ಮೇಲೆ ಹತ್ತಿದ. ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ರೂಟರನ್ನು ಬೀರುವಿನ ಮೇಲಿಟ್ಟಿದ್ದೆವು, ಅದರ ಹಸಿರು ದೀಪ ನೆಟ್ಟಗೆ ಉರಿಯುತ್ತಿತ್ತು. ಮನೆಯೊಳಗೆಲ್ಲ ಜಾಲ ಹರಡಿತ್ತು, ಅದರಲ್ಲಿ ಹರಿಯಲು ಆಚೆಯಿಂದ ಏನಾದರೂ ಬರಬೇಕಿತ್ತಷ್ಟೆ.

ಪಾಕ್ ಅನುಂಗ್ ಫೋನಿನಲ್ಲಿ ಹೇಳಿದ್ದರು: "ನಿಮ್ಮನೆಯಿಂದ ನೇರ ಉತ್ತರ. ಬೇಕಾದ್ರೆ ಕೂದಲೆಳೆಯಷ್ಟು ಪೂರ್ವ. ಸುಲಭ."

"ಬಾಪಕ್, ದಯಮಾಡಿ ಉತ್ತರಕ್ಕೆ ತಿರುಗಿಸ್ತೀರಾ?" ಮೇಲಿನಿಂದ ತೇಜೋ ಕೇಳಿದ್ದು ನನಗೆ ಕೇಳಿಸಿತು.

"ಆಗ್ಲಿ ಆಗ್ಲಿ. ತಿರುಗಿಸಿದ್ದೀನಿ."

"ಕ್ಷಮಿಸ್ಬೇಕು ಬಾಪಕ್, ಇನ್ನೂ ಸ್ವಲ್ಪ ಉತ್ತರಕ್ಕೆ."

"ಇನ್ನೂ?" ಎಂದರು ಅಪ್ಪ.

"ಹೌದು ಬಾಪಕ್. ಇನ್ನೂ. ಇನ್ನೂ. ಹಾಂ, ಅಲ್ಲೇ ಸರಿ. ಗಾತಿ, ಬಂತಾ?"

"ಇಲ್ಲ!"

"ಬಾಪಕ್, ಒಂಚೂರು ಪೂರ್ವಕ್ಕೆ?"

"ಯಾವ... ಆಗ್ಲಿ, ಆಗ್ಲಿ."

"ಈಗ?"

"ಇಲ್ಲ ಅಂದ್ನಲ್ಲ!"

ಹತ್ತು ಹೊಡೆಯಿತು. ಪರೀಕ್ಷೆ ತೆರೆದಿರಬೇಕು. ಹತ್ತೂವರೆಯಾಯಿತು. ತೇಜೋ ಇಳಿದು ಬಂದು ತಂತಿಯ ತುದಿ ಕತ್ತರಿಸಿ ಹೊಸದು ಹಾಕಿದ, ರೂಟರ್ ಆರಿಸಿ ಹೊತ್ತಿಸಿದ, ಮತ್ತೆ ಹತ್ತಿದ. ಪೆಟ್ಟಿಗೆ ಕೆಟ್ಟಿದೆಯೇನೋ, ಬಾಣಲೆ ಸಣ್ಣದಾಯಿತೇನೋ, ಬೂದಿ ಕೂತ ಗಾಳಿಯಲ್ಲಿ ದಾಟುವುದಿಲ್ಲವೇನೋ ಎಂದು ಒಂದೊಂದೇ ಹೇಳುತ್ತಿದ್ದ. ನಾನು ಬೆರಳುಗಳನ್ನು ಹೆಣೆದುಕೊಂಡು ಖಾಲಿ ಪರದೆ ನೋಡುತ್ತ ಕೂತಿದ್ದೆ. ಆರು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿದ್ದು ಈ ಬಿಳಿ ಪರದೆ ನೋಡಲಿಕ್ಕೇನು ಎನಿಸಿತು.

ಹನ್ನೊಂದಕ್ಕೆ ಸರಿಯಾಗಿ ಬೇಲಿಯ ಆಚೆಯಿಂದ ಬು ಕಸಿಯೆಮ್ ದನಿ ಕೇಳಿಸಿತು.

"ಗಾತೀ! ನನ್ನ ಬಾಣಲೆ ಎಲ್ಲೇ? ಮಧ್ಯಾಹ್ನ ಮಸೀದಿಗೆ ಸೋಯಾ ಕಾಳಿನ ತೆಂಪೆ ಕರೀಬೇಕು, ಐವತ್ತು ಜನಕ್ಕೆ."

ಅಪ್ಪನ ಕಣ್ಣು ಮೇಲಕ್ಕೆ ಹೋಗಿರಬೇಕು, ಅದರ ಹಿಂದೆಯೇ ಬು ಕಸಿಯೆಮ್ ಅವರದ್ದೂ.

"ಅಯ್ಯೋ ದೇವ್ರೇ! ಅದು ನನ್ನ ಬಾಣಲೆ ಅಲ್ವಾ? ಅಲ್ಲಿ ಹತ್ತಿ ಏನ್ ಮಾಡ್ತಿದೆ? ಮತ್ತೆ ಅದ್ಯಾಕೆ ಪೂರ್ವಕ್ಕೆ ಮುಖ ಮಾಡಿ ನಿಂತಿದೆ? ಬೆಟ್ಟಕ್ಕೆ ನೈವೇದ್ಯ ತೋರಿಸ್ತಿದ್ದೀರೇನ್ರೋ?"

ಪೂರ್ವಕ್ಕೆ.

ನಾನು ಕುರ್ಚಿ ಬೀಳಿಸಿಕೊಂಡು ಹೊರಗೆ ಓಡಿದೆ. ನಿಜ. ಬಾಣಲೆ ತನ್ನ ಹೊಳೆಯುವ ಹೊಟ್ಟೆಯನ್ನೆಲ್ಲ ಬೆಟ್ಟಕ್ಕೆ ಒಡ್ಡಿ ನಿಂತಿತ್ತು. ತಾಂತ್ರಿಕ ಶಾಲೆಗೆ ತೋರಿಸುತ್ತಿದ್ದದ್ದು ಬರೀ ಕಿವಿ.

"ಬಾಪಕ್! ಇದು ಉತ್ತರಾನಾ?"

ಅಪ್ಪ ಕಂಬ ಬಿಡದೆ ನೆಲ ನೋಡಿದರು. "ಪೂರ್ವ."

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಮೊದಲು ಉತ್ತರಕ್ಕೇ ಇಟ್ಟಿದ್ದೆ. ಆದ್ರೆ ರೇಡಿಯೋ ಓದಿದವರು ಅವರು. ಬಾಣಲೆಗೆ ಬೇರೆ ಉತ್ತರ ಇರಬಹುದೇನೋ ಅಂದ್ಕೊಂಡೆ. ಅಳಿಯಂದಿರಿಗೆ ತಪ್ಪು ಅನ್ನೋದು ಹೇಗೆ?"

ಹೆಂಚಿನ ಮೇಲೆ ತೇಜೋ ಬೆಟ್ಟ ನೋಡಿದ, ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖ ಕೆಂಪಾಯಿತು. ಶಾಲೆಗೆ ಅವನು ಹೋಗುತ್ತಿದ್ದದ್ದು ಸುತ್ತಿನ ರಸ್ತೆಯಲ್ಲಿ. ಹೊಳೆ ಮೇಲುಗಡೆ ಎಲ್ಲೋ ಬಾಗಿರಬೇಕು, ಶಾಲೆ ಆ ಬಾಗಿನಲ್ಲಿರಬೇಕು ಎಂದುಕೊಂಡಿದ್ದನಂತೆ. ಬಾಪಕ್ ಒಮ್ಮೆಯೂ ಅಡ್ಡ ಹೇಳಲಿಲ್ಲವಲ್ಲ, ಹಾಗಾದರೆ ಸರಿಯೇ ಇರಬೇಕು ಎಂದು ಧೈರ್ಯವಾಗಿದ್ದನಂತೆ.

"ನಿಮ್ಮಿಬ್ಬರ ಮರ್ಯಾದೆಗೆ ಬೆಂಕಿ ಬೀಳ್ಲಿ!" ಎಂದು ಕಿರುಚಿದೆ. ಅಪ್ಪನೆದುರು ಹಾಗೆ ಕಿರುಚಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. "ಇನ್ನು ದಿಕ್ಕಿನ ಹೆಸರು ಯಾರೂ ಎತ್ತಬೇಡಿ. ನೀವು ಇಳಿದು ಹೋಗಿ ಲ್ಯಾಪ್‌ಟಾಪ್ ನೋಡಿ ಮಾಸ್. ಬಾಪಕ್, ಊರ ಮುಖ್ಯಸ್ಥ ಪಾಕ್ ಲುರಾ ಮನೆ ತೆಂಗಿನ ಮರ ಕಾಣ್ತಿದೆಯಲ್ಲ, ಅದರ ಕಡೆ ತಿರುಗಿಸಿ."

ಇಬ್ಬರೂ ಕಂಬ ತಬ್ಬಿ ತಿರುಗಿಸಿದೆವು. ಬಾಣಲೆ ಕಿರ್ರೆನ್ನುತ್ತ ಬೆಟ್ಟದಿಂದ ಮುಖ ತಿರುಗಿಸಿತು. ಶಾಲೆಯ ನೇರಕ್ಕಿದ್ದ ತೆಂಗಿನ ಮರ ಬಂತು. ಇನ್ನೊಂದು ಬೆರಳಷ್ಟು. ಇನ್ನೊಂದು.

"ಬಂತು!" ಒಳಗಿನಿಂದ ತೇಜೋ ಕೂಗಿದ. "ಬಂತು ಬಂತು! ಅಲ್ಲೇ! ಉಸಿರಾಡಬೇಡಿ!"

ಹನ್ನೊಂದು ಗಂಟೆ ಎಂಟು ನಿಮಿಷ. ಓಡಲು ಹೊರಟರೆ ಬು ಕಸಿಯೆಮ್ ಅಡ್ಡ ನಿಂತರು.

"ನಿಲ್ಲೇ. ನನ್ನ ಬಾಣಲೆ ಇಳಿಸು ಮೊದ್ಲು."

"ಬು, ಹನ್ನೆರಡು ಗಂಟೆ ತನಕ. ಕಾಲಿಗೆ ಬೀಳ್ತೀನಿ. ನನ್ನ ಕೊನೇ ಪರೀಕ್ಷೆ. ಅದಿಳಿದ್ರೆ ನಾನು ಟೀಚರ್ ಆಗೋದೇ ಇಲ್ಲ."

"ಆಗೋದು ಅಂದ್ರೇನು? ಮತ್ತೆ ನನಗೆ ಕಲಿಸಿದವಳು ಯಾರು, ನಿನ್ನ ಅವಳಿಯಾ?"

"ಸರ್ಕಾರಕ್ಕೆ ಅದು ಗೊತ್ತಿಲ್ಲ ಬು."

ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗಿನ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಅಪ್ಪನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ ಕಂಬವನ್ನು ಎರಡೂ ತೋಳಿನಲ್ಲಿ ಹಿಡಿದುಕೊಂಡರು. "ಗಾಳಿ ಬೀಸ್ತಿದೆ, ಇವರ ಕೈಯಲ್ಲಾಗಲ್ಲ. ಹೋಗೇ ಒಳಗೆ! ನನ್ನ ಬಾಣಲೆ ಯಾರಾದ್ರೂ ಅಲ್ಲಾಡಿಸ್ಲಿ, ನೋಡ್ತೀನಿ."

ನಲವತ್ತು ಪ್ರಶ್ನೆ, ಐವತ್ತು ನಿಮಿಷ. ಮೊದಲ ಪ್ರಶ್ನೆಯೇ ಭಿನ್ನರಾಶಿಯನ್ನು ಮಕ್ಕಳಿಗೆ ಹೇಗೆ ತೋರಿಸುವಿರಿ ಎಂದಿತ್ತು. ಒಂಬತ್ತು ವರ್ಷ ಸಲಾಕ್ ಹಣ್ಣು ಸೀಳಿ ತೋರಿಸಿದವಳಿಗೆ ಇದನ್ನು ಕೇಳುತ್ತಾರಲ್ಲ ಎಂದು ನಗು ಬಂತು. ಆಮೇಲೆ ನನಗೆ ಹೊರಗಿನದ್ದು ಅರ್ಧಂಬರ್ಧ ಕೇಳಿಸುತ್ತಿತ್ತು. ಇಪ್ಪತ್ತನೇ ಪ್ರಶ್ನೆಯ ಹೊತ್ತಿಗೆ ಜೋರು ಗಾಳಿ ಬಂದು ಪುಟ ನಿಂತುಬಿಟ್ಟಿತು. ತೇಜೋ ಕಿಟಕಿಯಿಂದ ಕೂಗಿದ: "ಬು, ಒಂಚೂರು ಪಶ್ಚಿಮಕ್ಕೆ!"

"ನೀನು ದಿಕ್ಕು ಹೇಳಬೇಡ ಕಣಪ್ಪಾ!" ಎಂದು ಅಂಗಳದಿಂದ ಬಂತು. ಅದು ಅಪ್ಪನ ದನಿ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವರು ಅಳಿಯನ ಜೊತೆ ಮನೆಮಾತಿನಲ್ಲಿ ಮಾತಾಡಿದ್ದರು. ತೇಜೋ ಬೆಪ್ಪಾಗಿ ನನ್ನ ಕಡೆ ನೋಡಿದ, ಹಲ್ಲು ಕಿರಿದ. ಪುಟ ಮತ್ತೆ ಓಡಿತು.

ಹನ್ನೊಂದು ಐವತ್ತೈದಕ್ಕೆ ಕೊನೆಯ ಉತ್ತರ ಒತ್ತಿದೆ. ಗುಂಡಗಿನ ಗುರುತೊಂದು ಪರದೆಯ ಮೇಲೆ ಸುತ್ತಿತು, ಸುತ್ತಿತು, ನಿಂತಿತು. ಅಂಕ ಬಂತು: ಎಂಬತ್ತೆರಡು. ಕೆಳಗೆ ಹಸಿರು ಬಣ್ಣದಲ್ಲಿ, ತೇರ್ಗಡೆ.

ನಾನು ಏನು ಕೂಗಿದೆನೋ ನೆನಪಿಲ್ಲ. ತೇಜೋ ನನ್ನನ್ನು ಎತ್ತಿಕೊಂಡು ನಡುಮನೆಯಲ್ಲಿ ಸುತ್ತಿದ, ನನ್ನ ಕಾಲು ಬಡಿದು ಚಹಾದ ಹೂಜಿ ಉರುಳಿತು. ಅಂಗಳಕ್ಕೆ ಓಡಿದರೆ ಬೇಲಿಯುದ್ದಕ್ಕೂ ಜನ. ಬು ಕಸಿಯೆಮ್ ಕಂಬ ತಬ್ಬಿ ನಿಂತಿದ್ದು ನೋಡಿ ಏನೋ ಅನಾಹುತವೆಂದು ಬಂದವರು. ಪಾಸು ಎಂದೆ. ಯಾವುದರಲ್ಲಿ, ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೂ ಎಲ್ಲರೂ ಹೋ ಎಂದು ಕೂಗಿದರು. ಅಪ್ಪ ಕಣ್ಣೊರೆಸಿಕೊಳ್ಳಲು ಹಲಸಿನ ಮರದ ಹಿಂದಕ್ಕೆ ಹೋದರು, ಬೆಳವಕ್ಕೆ ಕಾಳು ಹಾಕುವವರಂತೆ.

ಬು ಕಸಿಯೆಮ್ ಮಾತ್ರ ಕಂಬ ಬಿಡಲಿಲ್ಲ. "ಮುಗೀತಾ? ಇಳಿಸಿ ಹಂಗಾದ್ರೆ."

ತೇಜೋ ಕೈ ಹೊಸಕುತ್ತ ತೂತಿನ ವಿಷಯ ಹೇಳಿದ. ಅವರು ಅವನನ್ನು ಎಷ್ಟು ಬೈದರೆಂದರೆ ಅದನ್ನು ಇಲ್ಲಿ ಬರೆಯಲಾಗುವುದಿಲ್ಲ. ನಾವೆಲ್ಲ ನಮ್ಮ ಕಬ್ಬಿಣದ ಬಾಣಲೆ ಹೊತ್ತು ಅವರ ಮನೆಗೆ ಹೋಗಿ ಐವತ್ತು ಜನಕ್ಕೆ ತೆಂಪೆ ಕರಿದೆವು. ಕಬ್ಬಿಣದ್ದರಲ್ಲಿ ರುಚಿ ಬರಲ್ಲ ಎಂದು ಅವರು ಕೊನೆಯ ತುಂಡಿನವರೆಗೂ ಗೊಣಗಿದರು. ಆ ಕಬ್ಬಿಣದ ಬಾಣಲೆ ಈಗ ಅವರದ್ದೇ, ತೂತಿನದು ಕಂಬದ ಮೇಲೇ ಉಳಿಯಿತು. ಅಪ್ಪ ಬೆಳವಕ್ಕೆ ಬೇರೆ ಕಂಬ ನೆಟ್ಟರು.

ಅಂದು ಸಂಜೆ ಬು ಕಸಿಯೆಮ್ ಮತ್ತೆ ಬಂದರು, ಕುತ್ತಿಗೆ ಮೇಲೆತ್ತಿ ಬಾಣಲೆ ನೋಡಲು. ತೇಜೋ ಮನೆಯ ಜಾಲಕ್ಕೆ ಹೆಸರು ಹಾಕುತ್ತಿದ್ದ. ಏನಿಡಲಿ ಎಂದ. ನಾನು ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡು ನಾನೇ ಒತ್ತಿದೆ. ಆಮೇಲೆ ಅದನ್ನು ಬು ಕಸಿಯೆಮ್ ಮುಂದೆ ಹಿಡಿದೆ. ಪರದೆಯಲ್ಲಿ ಒಂದೇ ಹೆಸರಿತ್ತು. ಹೊಳೆ ದಾಟಿ ಬಂದ ಜಾಲಕ್ಕೆ ಇಟ್ಟ, ಇನ್ನು ಮುಂದೆ ನಮ್ಮ ಬೀದಿಯ ಎಲ್ಲರ ಮೊಬೈಲಿನಲ್ಲೂ ಕಾಣುವ ಹೆಸರು.

ಅವರು ಕಣ್ಣು ಕಿರಿದು ಮಾಡಿ, ಜಗಲಿಯಲ್ಲಿ ಕಲಿತ ಹಾಗೆಯೇ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದರು. "ಕ... ಸಿ... ಯೆಮ್." ಮತ್ತೊಮ್ಮೆ ಮೊದಲಿನಿಂದ ಓದಿದರು. ನಂತರ ಮೊಬೈಲ್ ನನಗೆ ವಾಪಸ್ ಕೊಟ್ಟು, ನಾನು ಅವರ ಸ್ಲೇಟು ನೋಡಿ ಹೇಳುತ್ತಿದ್ದ ಅದೇ ಧಾಟಿಯಲ್ಲಿ ಹೇಳಿದರು:

"ಸರಿಯಾಗಿದೆ. ತಪ್ಪಿಲ್ಲ."